ಬಣ್ಣದ ಗಿಳಿಗಳ ಪರೀಕ್ಷೆ

ಜಾತ್ರೆಯಲ್ಲಿ ಎತ್ತು ಕೊಳ್ಳಹೋದ ರೈತನು ಮೊದಲು ಏನನ್ನು ನೋಡುತ್ತಾನೆಂಬುದನ್ನು ತುರ್ವಿಹಾಳ, ಸಿಂಧನೂರು, ಮಸ್ಕಿಗಳ ಕಡೆಯ ವಾಚಕರಿಗೆ ಹೇಳಬೇಕಾದುದಿಲ್ಲ. ಹಲ್ಲು, ಗೊರಸು, ಹೆಗಲು, ನಡಗೆ; ಅನಂತರ ಸುಳಿ; ಬಣ್ಣದ ಮಾತು ಬಹುಮಟ್ಟಿಗೆ ಕಡೆಯದು. ಸೀರೆ ಕೊಳ್ಳುವ ಗೃಹಿಣಿಯ ಕ್ರಮವು ಇದಕ್ಕೆ ತಿರುಗುಮುರುಗು. ಇಳಕಲ್ಲಿನ ಸೀರೆಯನ್ನು ಅಂಗಡಿಯ ದೀಪದ ಕೆಳಗೆ ನೋಡಿ ಆಕೆ ತೃಪ್ತಳಾಗುವುದಿಲ್ಲ. ಬಾಗಿಲಿಗೆ ತಂದು, ಹಗಲ ಬೆಳಕಿಗೆ ಹಿಡಿದು, ಇದು ಗಿಳಿಹಸುರೋ ನವಿಲುಹಸುರೋ ಎಂದು ನಿಶ್ಚಯಿಸಿದ ಮೇಲೆಯೇ ನೆಯ್ಗೆಯ ವಿಚಾರ, ಬೆಲೆಯ ವಿಚಾರ. ರೈತನ ಕಣ್ಣು, ಗೃಹಿಣಿಯ ಕಣ್ಣು, ಇವೆರಡೂ ಒಬ್ಬನಲ್ಲಿಯೇ ಕೂಡಿರಬೇಕಾದ ಉದ್ಯೋಗವೊಂದುಂಟು. ಅದು ಬಡ್ಜರಿಗಾರ್ ಎಂಬ ಪುಟ್ಟ ಗಿಳಿಗಳ ಪ್ರದರ್ಶನದಲ್ಲಿ ತೀರ್ಪು ಹೇಳುವವನ ಉದ್ಯೋಗ.

ಬಡ್ಜರಿಗಾರ್ ಎಂಬ ಹೆಸರು ನಮ್ಮಲ್ಲಿ ಬಳಕೆಯಲ್ಲಿಲ್ಲ. ನಮ್ಮ ಪೇಟೆಗಳಲ್ಲಿ ತಂತಿಯ ಪಂಜರದಲ್ಲಿಟ್ಟು ಜೊತೆಜೊತೆಯಾಗಿ ಮಾರುವ, ಹಸುರು, ಹಳದಿ, ನೀಲಿ, ಬಿಳಿಯ ಬಣ್ಣದ, ಗುಬ್ಬಚ್ಚಿಗಿಂತ ತುಸು ಉದ್ದನಾದ, ಸದಾ ಚಿಲಿಪಿಲಿಗುಟ್ಟುವ ಹಕ್ಕಿಯನ್ನು ಎಲ್ಲರೂ 'ಲವ್ ಬರ್ಡ್ಸ್' ಎಂದೇ ಕರೆಯುತ್ತಾರೆ. ವಾಸ್ತವವಾಗಿ ಆ ಹೆಸರಿನ ಹಕ್ಕಿ ಬೇರೆ. ಅದು ಆಫ್ರಿಕಾ ಖಂಡದ್ದು, ಬಾಲ ಮೋಟು, ಮೈ ದಪ್ಪ. ನಮ್ಮ ಪಡಸಾಲೆಗಳಲ್ಲಿ ತೂಗುವ ಪಂಜರಗಳೊಳಗಿರುವುದು ಆಸ್ಟ್ರೇಲಿಯದ ಒಣನಾಡಿನ ಹಕ್ಕಿ. ಮಳೆ ಎಲ್ಲಿ ಬಿದ್ದು ಹುಲ್ಲು ತೆನೆಗಟ್ಟುವುದೋ ಅಲ್ಲಿಗೆ ಸಾವಿರಗಟ್ಟಲೆಯಾಗಿ ಹಾರಿಹೋಗಿ, ಮರದ ಪೊಟರೆಗಳಲ್ಲಿ ಮೊಟ್ಟೆಯಿಟ್ಟು, ನೀರು ಬತ್ತಿದಾಗ ಮತ್ತೆ ಹೊರಡುವ ಅಲೆಮಾರಿ. ಕಾಡಿನಲ್ಲಿ ಅದರ ಬಣ್ಣ ಒಂದೇ: ಮೈ ಹಸುರು, ಮುಖ ಹಳದಿ, ತಲೆಯ ಹಿಂದಿನಿಂದ ರೆಕ್ಕೆಗಳವರೆಗೆ ಕಪ್ಪು ಬರೆಗಳು, ಕೆನ್ನೆಯಲ್ಲಿ ನೇರಳೆಯ ಮಚ್ಚೆ, ಗಂಟಲಿನ ಮೇಲೆ ಕರಿಯ ಚುಕ್ಕೆಗಳು. ಉಳಿದ ಬಣ್ಣಗಳೆಲ್ಲ ಪಂಜರದಲ್ಲಿ ಕಾಣಿಸಿಕೊಂಡವು, ಇಲ್ಲವೆ ಪಂಜರದಲ್ಲಿ ಉಳಿದುಕೊಂಡವು.

1805ರಲ್ಲಿ ಜಾರ್ಜ್ ಷಾ ಎಂಬ ಪ್ರಾಣಿಶಾಸ್ತ್ರಜ್ಞನು ಈ ಹಕ್ಕಿಯನ್ನು ಮೊದಲು ವರ್ಣಿಸಿದನು. 1840ರಲ್ಲಿ ಜಾನ್ ಗೌಲ್ಡ್ ಎಂಬವನು ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದನು. ಸಾಕಿದವರಿಗೆ ಬಹುಬೇಗ ತಿಳಿದುಬಂದುದೇನೆಂದರೆ, ಇದು ಪಂಜರದಲ್ಲಿಯೂ ಸುಲಭವಾಗಿ ಮರಿಮಾಡುವ ಹಕ್ಕಿ ಎಂಬುದು. ಮೂವತ್ತು ನಲವತ್ತು ವರ್ಷಗಳೊಳಗೆ ಯೂರೋಪಿನಲ್ಲಿ ಹಳದಿಯ ಹಕ್ಕಿ ಹುಟ್ಟಿತು. 1880ರ ಸುಮಾರಿಗೆ ಬೆಲ್ಜಿಯಂ ದೇಶದಲ್ಲಿ ಆಕಾಶನೀಲಿಯ ಹಕ್ಕಿ ಹುಟ್ಟಿತು. ಈ ನೀಲಿಯು 1910ರಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ ಕಾಣಿಸಿಕೊಂಡಾಗ ಜನ ಮುಗಿಬಿದ್ದರೆಂದರೆ ಆಶ್ಚರ್ಯವಿಲ್ಲ. ನೀಲಿಯ ಗಿಳಿಯನ್ನು ಯಾರು ಕಂಡಿದ್ದರು? 1915ರಲ್ಲಿ ಫ್ರಾನ್ಸಿನಲ್ಲಿ ಕಡುಹಸುರು ಬಂದಿತು. 1930ರ ದಶಕದಲ್ಲಂತೂ ಬೂದುಬಣ್ಣ, ನೇರಳೆ, ಕಂದುಬರೆಯ ಹಕ್ಕಿ, ಬೆನ್ನಿನಲ್ಲಿ ಬರೆಯಿಲ್ಲದ 'ಓಪಲೈನ್', ಮಚ್ಚೆಮಚ್ಚೆಯ 'ಪೈಡ್' ಹೀಗೆ ಒಂದರ ಹಿಂದೊಂದು. ಅದಕ್ಕೆ ತುಸು ಮೊದಲು, 1920ರ ದಶಕದ ಕೊನೆಯಲ್ಲಿ, ಜಪಾನಿನ ಶ್ರೀಮಂತರಿಗೆ ಈ ಹಕ್ಕಿಯ ಹುಚ್ಚು ಹಿಡಿದು, ಅಪರೂಪದ ಬಣ್ಣದ ಜೋಡಿಗಳಿಗೆ ಊಹೆಗೂ ಮೀರಿದ ಬೆಲೆ ಬಂದಿತ್ತು. ಹುಚ್ಚು ಇಳಿದಾಗ ಬೆಲೆಯೂ ಇಳಿದು, ಸಾಲಮಾಡಿ ಸಾಕಿದವರು ಕೈ ಸುಟ್ಟುಕೊಂಡರು. ಬಣ್ಣವನ್ನೇ ನಂಬಿ ಹಣ ಹೂಡುವವರಿಗೆ ಆಗುವುದು ಎಲ್ಲ ಕಾಲದಲ್ಲಿಯೂ ಇಷ್ಟೇ.

ಬಣ್ಣದ ಲೆಕ್ಕವನ್ನು ಅರಿಯದೆ ತೀರ್ಪಿನ ಲೆಕ್ಕ ತಿಳಿಯದು. ಆದುದರಿಂದ ವಾಚಕರು ಒಂದೆರಡು ಮಾತುಗಳಷ್ಟು ತಾಳ್ಮೆಯಿಂದಿರಬೇಕು. ಹಸುರು ಗಿಳಿಯ ಗರಿಯಲ್ಲಿ ಹಸುರು ಬಣ್ಣದ ಪದಾರ್ಥವೇ ಇಲ್ಲವೆಂದರೆ ನಂಬುವುದು ಕಷ್ಟ. ಗರಿಯ ಎಳೆಗಳೊಳಗೆ ಸ್ಪಂಜಿನಂತಹ ಅತಿಸೂಕ್ಷ್ಮವಾದ ರಚನೆಯೊಂದಿದೆ. ಅದರ ಹಿಂದೆ ಕಪ್ಪು ಪದಾರ್ಥವಿರುವುದರಿಂದ, ಬಿದ್ದ ಬೆಳಕಿನಲ್ಲಿ ನೀಲಿಯ ಭಾಗ ಮಾತ್ರ ಹಿಂದಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಈ ನೀಲಿಯ ಮೇಲೆ ಹಳದಿಯ ಪದಾರ್ಥದ ಪದರವೊಂದು ಹೊದಿಸಿದಂತಿರುತ್ತದೆ. ನೀಲಿಯೂ ಹಳದಿಯೂ ಕೂಡಿ ಹಸುರಾಗುತ್ತದೆ. ಹಳದಿಯನ್ನು ಕಳೆದರೆ ಉಳಿಯುವುದು ನೀಲಿ. ಕಪ್ಪನ್ನು ಕಳೆದರೆ ಉಳಿಯುವುದು ಹಳದಿ. ಎರಡನ್ನೂ ಕಳೆದರೆ ಬಿಳಿ. ಹಳದಿಯು ತಯಾರಾಗುವುದು ಯಾವ ಜೀನಿನ ಕೆಲಸವೆಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೂ ಅವರ ಸಂಗಡಿಗರೂ 2017ರಲ್ಲಿ ಕಂಡುಹಿಡಿದರು. ಆ ಜೀನು ರಚಿಸುವ ಪ್ರೋಟೀನಿನಲ್ಲಿ ಒಂದೇ ಒಂದು ಕೊಂಡಿ ಬದಲಾದುದರಿಂದ ಹಳದಿಯು ನಿಂತುಹೋಗಿ, ಬೆಲ್ಜಿಯಮ್ಮಿನ ಆ ನೀಲಿಯ ಹಕ್ಕಿಯು ಲೋಕಕ್ಕೆ ಬಂದಿತಂತೆ!

ಹಸುರು ಹಕ್ಕಿಗೂ ನೀಲಿಯ ಹಕ್ಕಿಗೂ ಜೋಡಿಮಾಡಿದರೆ ಮರಿಗಳೆಲ್ಲ ಹಸುರೇ. ಆದರೆ ಆ ಹಸುರು ಮರಿಗಳೊಳಗೆ ನೀಲಿಯು ಬಚ್ಚಿಟ್ಟುಕೊಂಡಿರುತ್ತದೆ. ಅಂತಹ ಎರಡನ್ನು ಮತ್ತೆ ಜೋಡಿಮಾಡಿದರೆ ನಾಲ್ಕರಲ್ಲಿ ಒಂದು ಮರಿ ನೀಲಿಯಾಗಿ ಹುಟ್ಟುವ ಸಂಭವವಿದೆ. ಇದರ ಜೊತೆಗೆ ಬಣ್ಣವನ್ನು ಗಾಢಗೊಳಿಸುವ ಗುಣವೊಂದುಂಟು. ಅದು ತಾಯಿತಂದೆಗಳಲ್ಲಿ ಒಬ್ಬರಿಂದ ಬಂದರೆ ತಿಳಿಹಸುರು ಕಡುಹಸುರಾಗುತ್ತದೆ, ಇಬ್ಬರಿಂದಲೂ ಬಂದರೆ ಆಲಿವ್ ಕಾಯಿಯ ಮಾಸಲು ಹಸುರಾಗುತ್ತದೆ. ನೀಲಿಯ ಕಡೆಯಲ್ಲಿಯೂ ಹಾಗೆಯೇ: ಆಕಾಶನೀಲಿ, ಅದರಿಂದ ಕೋಬಾಲ್ಟ್ ಎಂಬ ಕಡುನೀಲಿ, ಅದರಿಂದ 'ಮಾವ್' ಎಂಬ ಬೂದು ಬೆರೆತ ನೇರಳೆ. 1920ರ ದಶಕದಲ್ಲಿ ಜರ್ಮನಿಯ ಬ್ರೆಮೆನ್ ನಗರದ ಹಾನ್ಸ್ ಡುಂಕರ್ ಎಂಬ ಉಪಾಧ್ಯಾಯನು ಈ ಲೆಕ್ಕಗಳನ್ನು ಬಿಡಿಸಿಟ್ಟನು. ಕಂದುಬರೆಯ ಗುಣದ್ದು ಇನ್ನೂ ವಿಚಿತ್ರ. ಕಂದುಬರೆಯ ಗಂಡಿಗೆ ಕಪ್ಪುಬರೆಯ ಹೆಣ್ಣನ್ನು ಜೋಡಿಮಾಡಿದರೆ ಹೆಣ್ಣುಮರಿಗಳೆಲ್ಲ ಕಂದು, ಗಂಡುಮರಿಗಳೆಲ್ಲ ಕಪ್ಪು. ಕಂದುಬರೆಯ ಮರಿಯ ಕಣ್ಣು ಹುಟ್ಟಿದಾಗ ಕೆಂಪಾಗಿರುವುದರಿಂದ, ಗರಿ ಮೂಡುವುದಕ್ಕೆ ಮೊದಲೇ ಇದು ಹೆಣ್ಣೆಂದು ಹೇಳಿಬಿಡಬಹುದು. ಬಣ್ಣದ ಮಾತಿನಲ್ಲಿ ತಾಯಿಯನ್ನು ಬಿಟ್ಟು ತಂದೆಯನ್ನೇ ಹೋಲುವ ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲಿಯೂ ಇಲ್ಲದೆ ಇಲ್ಲವಷ್ಟೆ.

ಇನ್ನು ಪ್ರದರ್ಶನದ ವಿಚಾರ. ಇಂಗ್ಲೆಂಡಿನಲ್ಲಿ 1925ರಲ್ಲಿ ಬಡ್ಜರಿಗಾರ್ ಕ್ಲಬ್ ಎಂಬುದೊಂದು ಹುಟ್ಟಿ, 1930ರಲ್ಲಿ ಬಡ್ಜರಿಗಾರ್ ಸೊಸೈಟಿ ಎಂದಾಯಿತು. ಹಕ್ಕಿ ಹೇಗಿದ್ದರೆ ಉತ್ತಮವೆಂಬುದಕ್ಕೆ ಒಂದು ಆದರ್ಶವನ್ನು ಚಿತ್ರದಲ್ಲಿಯೂ ಮಾತಿನಲ್ಲಿಯೂ ಅದು ಗೊತ್ತುಮಾಡಿತು. ಬೇರೆ ದೇಶಗಳ ಸಂಘಗಳು ಅದನ್ನೇ ಹೆಚ್ಚುಕಡಿಮೆ ಮಾಡಿ ಅನುಸರಿಸುತ್ತವೆ. ಅದರ ಪ್ರಕಾರ ಹಕ್ಕಿಯ ಉದ್ದ ನೆತ್ತಿಯಿಂದ ಬಾಲದ ತುದಿಯವರೆಗೆ ಎಂಟೂವರೆ ಅಂಗುಲ. ಕಾಡಿನ ಹಕ್ಕಿ ಏಳಂಗುಲವನ್ನು ಮೀರುವುದು ಅಪೂರ್ವ. ಕೋಲಿನ ಮೇಲೆ ಕುಳಿತಾಗ ನೆಟ್ಟಗಿನ ಗೆರೆಯಿಂದ ಮೂವತ್ತು ಡಿಗ್ರಿ ಓರೆಯಾಗಿ, ಧೈರ್ಯವಾಗಿ ನಿಲ್ಲಬೇಕು. ತಲೆ ದೊಡ್ಡದು, ದುಂಡಗಿನದು, ಅಗಲವಾದುದು. ರೆಕ್ಕೆಗಳು ಬಾಲದ ಬುಡದ ಮೇಲೆ ಒಂದಕ್ಕೊಂದು ಮುಟ್ಟುವಂತಿರಬೇಕಲ್ಲದೆ ಕತ್ತರಿಯಂತೆ ಹಾಯಬಾರದು. ಮುಖದ ಕೆಳಗೆ ಆರು ಚುಕ್ಕೆಗಳು, ದೊಡ್ಡವು, ದುಂಡಗಿನವು, ಸಮಾನವಾದ ಅಂತರದಲ್ಲಿ; ಅವುಗಳಲ್ಲಿ ಹೊರಗಿನ ಎರಡನ್ನು ಕೆನ್ನೆಯ ಮಚ್ಚೆಗಳು ಅರೆಬರೆಯಾಗಿ ಮುಚ್ಚಿರಬೇಕು. ಹುಟ್ಟಿನಿಂದ ಹೆಚ್ಚು ಚುಕ್ಕೆಗಳಿದ್ದರೆ, ಪ್ರದರ್ಶನಕ್ಕೆ ಮೊದಲು ಒಡೆಯನು ಕುಳಿತು, ಚಿಮಟದಿಂದ ಬೇಡದ ಗರಿಗಳನ್ನು ಒಂದೊಂದಾಗಿ ಕಿತ್ತು ಆರನ್ನು ಮಾತ್ರ ಉಳಿಸುವುದು ಎಲ್ಲರಿಗೂ ತಿಳಿದ ಪದ್ಧತಿ. ಮದುವಣಗಿತ್ತಿಯ ಹುಬ್ಬು ತಿದ್ದಿದಂತೆಂದು ಹೇಳಬಹುದು. ಹಕ್ಕಿಯ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳುವುದಿಲ್ಲ.

ನ್ಯಾಯದ ಏರ್ಪಾಡು ಮೆಚ್ಚಬೇಕಾದುದು. ಪಂಜರಗಳೆಲ್ಲ ಒಂದೇ ಅಳತೆ, ಹೊರಗೆ ಕಪ್ಪು, ಒಳಗೆ ಬಿಳಿ, ಎರಡು ಕೋಲುಗಳು, ಮುಂದೆ ತಂತಿ. ಪಂಜರದ ಮೇಲೆ ಒಡೆಯನ ಹೆಸರಿಲ್ಲ. ವರ್ಗದ ಸಂಖ್ಯೆ, ಪಂಜರದ ಸಂಖ್ಯೆ ಇಷ್ಟೇ. ಒಂದು ಪಂಜರವು ನೋಟಕ್ಕೆ ಬೇರೆಯಾಗಿದ್ದರೆ ಅದು ಯಾರದೆಂದು ಪರೀಕ್ಷಕನಿಗೆ ಗೊತ್ತಾದೀತೆಂಬ ಭಯದಿಂದಲೇ ಈ ಕಟ್ಟುನಿಟ್ಟು. ಹಕ್ಕಿಯ ಕಾಲಿನಲ್ಲಿ ಬೆಸುಗೆಯಿಲ್ಲದ ಉಂಗುರವೊಂದಿರುತ್ತದೆ. ಮರಿಯು ವಾರದ ಕೂಸಾಗಿರುವಾಗ ಮಾತ್ರ ಆ ಉಂಗುರವನ್ನು ತೊಡಿಸಲು ಸಾಧ್ಯ, ಆಮೇಲೆ ಪಾದ ದೊಡ್ಡದಾಗುವುದರಿಂದ ಹಾಕಲಾಗದು, ತೆಗೆಯಲೂ ಆಗದು. ಉಂಗುರದ ಬಣ್ಣ ವರ್ಷಕ್ಕೊಂದಾದುದರಿಂದ ಹಕ್ಕಿ ಹುಟ್ಟಿದ ಇಸವಿಯನ್ನು ಸುಳ್ಳುಹೇಳಲು ಅವಕಾಶವಿಲ್ಲ. ಮನುಷ್ಯರ ಜಾತಕಕ್ಕಿಂತ ಇದು ನಂಬತಕ್ಕದ್ದು.

ಸೇವಕರು ಒಂದು ಬಣ್ಣದ ವರ್ಗದ ಪಂಜರಗಳನ್ನೆಲ್ಲ ತಂದು ಸಾಲಾಗಿ ಇಡುತ್ತಾರೆ. ಪರೀಕ್ಷಕನು ಕೈಯಲ್ಲೊಂದು ಸಣ್ಣ ಕಡ್ಡಿಯನ್ನು ಹಿಡಿದು, ಬೇಕಾದರೆ ತಂತಿಯನ್ನು ಮೆಲ್ಲನೆ ಮುಟ್ಟಿ ಹಕ್ಕಿಯನ್ನು ಕೋಲಿನಿಂದ ಕೋಲಿಗೆ ಹಾರಿಸುತ್ತಾನೆ. ಒಳ್ಳೆಯದನ್ನು ಎಡಕ್ಕೆ, ಕಡಮೆಯದನ್ನು ಬಲಕ್ಕೆ ಸರಿಸುತ್ತ ಸಾಲನ್ನು ಮತ್ತೆ ಮತ್ತೆ ಜೋಡಿಸಿ, ಕಡೆಗೆ ಒಂದು, ಎರಡು, ಮೂರು ಎಂದು ಗುರುತು ಹಾಕಿಸುತ್ತಾನೆ. ಒಡೆಯನು ಬಣ್ಣವನ್ನು ತಪ್ಪಾಗಿ ತಿಳಿದು ಬೇರೆ ವರ್ಗದಲ್ಲಿ ಸೇರಿಸಿದ್ದರೆ, ಹಕ್ಕಿ ಎಷ್ಟೇ ಸೊಗಸಾಗಿರಲಿ, 'ತಪ್ಪು ವರ್ಗ' ಎಂದು ಬರೆದು ಬದಿಗಿಡುವುದೇ ನಿಯಮ. ವರ್ಷವೆಲ್ಲ ದುಡಿದವನಿಗೆ ಇದಕ್ಕಿಂತ ಮನನೋಯುವ ಚೀಟಿ ಇನ್ನೊಂದಿಲ್ಲ.

ಬಣ್ಣವನ್ನು ಗುರುತಿಸುವಲ್ಲಿ ಮೋಸಹೋಗುವುದು ಅಷ್ಟು ಸುಲಭವೇ? ಬಹಳ ಸುಲಭ. ಆಲಿವ್ ಹಸುರಿನ ಹಕ್ಕಿಯನ್ನೂ ಬೂದುಹಸುರಿನ ಹಕ್ಕಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಮೈಬಣ್ಣದಿಂದ ಬೇರ್ಪಡಿಸುವುದು ಹೊಸಬರಿಗೆ ಅಸಾಧ್ಯ. ಅನುಭವಸ್ಥನು ಮೈಯನ್ನು ನೋಡುವುದೇ ಇಲ್ಲ. ಕೆನ್ನೆಯನ್ನೂ ಬಾಲವನ್ನೂ ನೋಡುತ್ತಾನೆ. ಆಲಿವಿನ ಕೆನ್ನೆಯ ಮಚ್ಚೆ ನೇರಳೆ, ಬಾಲದ ಉದ್ದಗರಿ ಕಡುನೀಲಿ; ಬೂದುಹಸುರಿನ ಕೆನ್ನೆ ಬೂದು, ಬಾಲ ಕಪ್ಪು. ಮಾವ್ ಬಣ್ಣಕ್ಕೂ ಬೂದುಬಣ್ಣಕ್ಕೂ ಇರುವ ವ್ಯತ್ಯಾಸವೂ ಇದೇ. ಕೋಬಾಲ್ಟಿಗೂ ನೇರಳೆಗೂ ಅಂತಹ ಸ್ಪಷ್ಟ ಗುರುತಿಲ್ಲ. ಅಲ್ಲಿ ಬಣ್ಣದ ಹೊಳಪನ್ನೂ ಆಳವನ್ನೂ ಕಣ್ಣೇ ನಿರ್ಧರಿಸಬೇಕು, ದೀಪದ ಬೆಳಕು ಹಳದಿಯಾಗಿದ್ದರೆ ಕಣ್ಣೂ ತಪ್ಪುತ್ತದೆ. ಇಳಕಲ್ಲ ಸೀರೆಯನ್ನು ಬಾಗಿಲಿಗೆ ತರುವ ಗೃಹಿಣಿಯ ಬುದ್ಧಿವಂತಿಕೆ ಇಲ್ಲಿ ಬೇಕಾದುದು. ಈ ತೊಂದರೆಗಾಗಿಯೇ ಈಚೆಗೆ ಜಗತ್ತಿನ ಸಂಘಗಳ ಒಕ್ಕೂಟವು ಒಂದೊಂದು ಬಣ್ಣಕ್ಕೂ ಅಚ್ಚಿನ ಮಸಿಗಳ ಸಂಖ್ಯೆಯನ್ನು ಗೊತ್ತುಮಾಡಿದೆ. ಕಾಗದದ ಮೇಲಿನ ಮಸಿ ಒಂದು, ಬೆಳಕಿನಲ್ಲಿ ಅಲುಗಾಡುವ ಗರಿ ಇನ್ನೊಂದು. ಆದರೂ ಜಗಳವಾಡುವುದಕ್ಕೆ ಒಂದು ಆಧಾರ ದೊರೆತಂತಾಯಿತು.

ಹಳದಿಯ ಕೆಂಗಣ್ಣಿನ ಲುಟಿನೋ ಹಕ್ಕಿಯಲ್ಲಿ ಬರೆಗಳಿಲ್ಲ, ಚುಕ್ಕೆಗಳಿಲ್ಲ, ಬಣ್ಣವೇ ಸರ್ವಸ್ವ. ಅದು ನೆತ್ತಿಯಿಂದ ಬಾಲದವರೆಗೆ ಬೆಣ್ಣೆಹೂವಿನಂತಹ ಒಂದೇ ಗಾಢ ಹಳದಿಯಾಗಿರಬೇಕು. ಬೆನ್ನಿನ ಕೆಳಗೆ ಹಸುರಿನ ಛಾಯೆಯೇನಾದರೂ ಮಿಂಚಿತೋ, ಅದು ದೋಷ. ಬಿಳಿಯ ಆಲ್ಬಿನೋದಲ್ಲಿ ನೀಲಿಯ ಛಾಯೆ ಇದೇ ತರದ ದೋಷ. ಅದನ್ನು ಅಡಗಿಸಲು ಚತುರರಾದ ಸಾಕಣೆಗಾರರು ಬೂದುಬಣ್ಣದ ವಂಶವನ್ನು ಒಳಗೆ ಬೆರಸುತ್ತಾರೆ. ಬಿಳಿಯ ಬಟ್ಟೆಗೆ ನೀಲಿ ಹಾಕುವ ನಮ್ಮ ಅಗಸರು ಈ ಉಪಾಯವನ್ನು ಕೇಳಿದರೆ ನಗಬಹುದು! ಓಪಲೈನಿನಲ್ಲಿ ಎರಡು ರೆಕ್ಕೆಗಳ ನಡುವೆ ಬೆನ್ನಿನ ಮೇಲೆ ಬರೆಯಿಲ್ಲದ ತ್ರಿಕೋಣವೊಂದು ತಿಳಿಯಾಗಿ ಕಾಣಬೇಕು, ನೆತ್ತಿಯಲ್ಲಿ ಚುಕ್ಕೆಚುಕ್ಕೆಯಾಗಿ ಕೊಳೆಯಂತಹ ಗುರುತುಗಳಿರಬಾರದು. 1970ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಹೊರಬಂದ 'ಸ್ಪ್ಯಾಂಗಲ್' ಎಂಬುದರಲ್ಲಿ ಬರೆಗಳೆಲ್ಲ ತಲೆಕೆಳಗು: ಕಪ್ಪಾಗಿರಬೇಕಾದ ಗರಿಯ ನಡುಭಾಗ ತಿಳಿ, ಅಂಚು ಮಾತ್ರ ಕಪ್ಪು ಗೆರೆ, ದಂಡೆಯಿಟ್ಟ ವಸ್ತ್ರದಂತೆ. ಆ ಗುಣ ತಾಯಿತಂದೆ ಇಬ್ಬರಿಂದಲೂ ಬಂದರೆ ಬರೆಗಳೆಲ್ಲ ಅಳಿಸಿಹೋಗಿ ಹಕ್ಕಿ ಬರಿಯ ಹಳದಿ ಅಥವಾ ಬರಿಯ ಬಿಳಿಯಾಗುತ್ತದೆ. ಅದನ್ನು ಲುಟಿನೋ ಎಂದು ತಿಳಿದು ಮೋಸಹೋಗದಿರಲು ಕಣ್ಣನ್ನು ನೋಡಬೇಕು: ಕೆಂಪಿದ್ದರೆ ಲುಟಿನೋ, ಕಪ್ಪಿದ್ದರೆ ಸ್ಪ್ಯಾಂಗಲ್.

ಇನ್ನೊಂದು ಸಂಗತಿಯಿದೆ. ಹಕ್ಕಿಗಳು ತಮ್ಮ ತಮ್ಮಲ್ಲಿ ನೋಡುವ ಬಣ್ಣವನ್ನು ಯಾವ ಪರೀಕ್ಷಕನೂ ಕಾಣಲಾರನು. ಅವುಗಳ ಕಣ್ಣು ನಮಗೆ ಕಾಣದ ನೇರಳಾತೀತ ಕಿರಣಗಳನ್ನೂ ಕಾಣುತ್ತದೆ. ನೆತ್ತಿಯ ಹಳದಿ ಗರಿಗಳು ಆ ಕಿರಣವನ್ನು ಹೀರಿ ಬೆಳಗುತ್ತವೆ. ಸಂಗಾತಿಯನ್ನು ಆರಿಸಿಕೊಳ್ಳುವಾಗ ಹಕ್ಕಿಗಳು ಈ ಬೆಳಗುವಿಕೆಯನ್ನು ಗಮನಿಸುತ್ತವೆಂದು 2002ರಲ್ಲಿ ಪ್ರಯೋಗದಿಂದ ತಿಳಿದುಬಂದಿತು. ಅವುಗಳ ಪ್ರದರ್ಶನದಲ್ಲಿ ಬಹುಮಾನ ಯಾವುದಕ್ಕೋ ಬಲ್ಲವರಾರು!

ಇಷ್ಟೆಲ್ಲ ಬಣ್ಣಗಳ ವಿವರವಿದ್ದರೂ, ಬಣ್ಣಗಳೆಲ್ಲ ಕೂಡಿ ಒಂದು 'ಸರ್ವೋತ್ತಮ' ಹಕ್ಕಿಯನ್ನು ಆರಿಸುವಾಗ ಗೆಲ್ಲುವುದು ಬಣ್ಣವಲ್ಲ, ಗಾತ್ರ. ದೊಡ್ಡ ತಲೆಯ, ಅಗಲವಾದ ಎದೆಯ ಹಸುರೋ ಬೂದುಹಸುರೋ ಮುಂದೆ ಬರುತ್ತದೆ. ಬಣ್ಣದಲ್ಲಿ ನಿರ್ದೋಷಿಯಾದರೂ ಮೈಯಲ್ಲಿ ಸಣ್ಣದಾದ, ತಿಳಿರೆಕ್ಕೆಯ ಸುಂದರವಾದ ಹಕ್ಕಿ ಹಿಂದೆ ಉಳಿಯುತ್ತದೆ. ಸೋಲುವ ಬಣ್ಣವನ್ನು ಸಾಕುವವರು ಕಡಮೆಯಾಗುತ್ತಾರೆ. ಸಾಕುವವರು ಕಡಮೆಯಾದರೆ ಬಣ್ಣವೇ ಅಳಿಯುವ ಸಂಭವ. ಇದನ್ನು ತಡೆಯಲೆಂದು ಅಪರೂಪದ ಬಣ್ಣಗಳಿಗೆ ಬೇರೆ ಸಂಘಗಳು ಹುಟ್ಟಿವೆ. ಆಸ್ಟ್ರೇಲಿಯದ ರಾಷ್ಟ್ರೀಯ ಪ್ರದರ್ಶನದಲ್ಲಿ ರಾಜ್ಯಗಳ ತಂಡಗಳು ಬಣ್ಣಬಣ್ಣಕ್ಕೂ ಬೇರೆಯಾಗಿ ಸ್ಪರ್ಧಿಸಿ, ಗೆಲವಿನ ಅಂಕಗಳು ರಾಜ್ಯದ ಲೆಕ್ಕಕ್ಕೆ ಸೇರುವುದರಿಂದ ಅಲ್ಲಿ ಯಾವ ಬಣ್ಣವನ್ನೂ ಕಡೆಗಣಿಸುವಂತಿಲ್ಲ. ಈ ಏರ್ಪಾಡೇ ಹೆಚ್ಚು ವಿವೇಕವಾದುದೆಂದು ನಮಗೆ ತೋರುತ್ತದೆ.

ಗಾತ್ರದ ಮೋಹದಿಂದ ಆದ ಕೆಡಕು ಬಣ್ಣಕ್ಕೆ ಮಾತ್ರವಲ್ಲ. ಪರೀಕ್ಷಕನು ಇಂದು ಯಾವುದಕ್ಕೆ ಮೊದಲನೆಯ ಬಹುಮಾನ ಕೊಡುವನೋ, ಮುಂದಿನ ವರ್ಷ ಸಾವಿರ ಪಂಜರಗಳಲ್ಲಿ ಅಂಥದೇ ಮರಿಗಳು ಹುಟ್ಟುತ್ತವೆ; ಹೀಗಾಗಿ ಅವನ ಕಡ್ಡಿಯ ತುದಿಯಿಂದಲೇ ಹಕ್ಕಿಯ ಮೈ ರೂಪಗೊಳ್ಳುತ್ತದೆಂದರೆ ಅತಿಶಯೋಕ್ತಿಯಲ್ಲ. ತಲೆ ದೊಡ್ಡದಾಗಿ ಕಾಣಲೆಂದು ಉದ್ದವಾದ, ಒರಟಾದ ಗರಿಯ ವಂಶಗಳನ್ನು ಆರಿಸಿ ಆರಿಸಿ ಬೆಳೆಸಿದುದರ ಫಲವಾಗಿ, ಹುಬ್ಬಿನ ಗರಿಗಳು ಕಣ್ಣನ್ನೇ ಮರೆಮಾಡುವ ಹಕ್ಕಿಗಳು ಬಂದಿವೆ. ಫಲಿಸದ ಮೊಟ್ಟೆಗಳು ಹೆಚ್ಚಿವೆ. ಕಾಡಿನ ಬಂಧುವಿನ ಚುರುಕುತನವಿಲ್ಲ. ಇವುಗಳ ವಂಶಗಳಲ್ಲಿ ಆಗಾಗ ಹುಟ್ಟುವ ಒಂದು ಬಗೆಯ ಮರಿಯ ಗರಿಗಳು ಬೆಳೆಯುವುದನ್ನು ನಿಲ್ಲಿಸುವುದೇ ಇಲ್ಲ. ಅದು ಸುರುಳಿಸುರುಳಿಯಾದ ಗರಿಯ ಮುದ್ದೆಯಾಗಿ, ಹಾರಲಾರದೆ, ನೆಟ್ಟಗೆ ನೋಡಲಾರದೆ, ಕೆಲವೇ ತಿಂಗಳುಗಳಲ್ಲಿ ಸಾಯುತ್ತದೆ. ಅದನ್ನು ಸಾಕಣೆಗಾರರು 'ಧೂಳು ಹೊಡೆಯುವ ಗರಿಪೊರಕೆ' ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಕರೆಯುವಾಗ ನಗುವವರು ಕಡಮೆ. ಆರೋಗ್ಯವೂ ಚುರುಕುತನವೂ ಇಲ್ಲದ ಹಕ್ಕಿಗೆ ಬಹುಮಾನ ಕೊಡಬಾರದೆಂಬ ಮಾತು ಎಲ್ಲ ನಿಯಮಗಳಲ್ಲಿಯೂ ಇದೆ. ಪಂಜರದ ಮುಂದೆ ನಿಂತ ಒಂದೆರಡು ನಿಮಿಷಗಳಲ್ಲಿ, ಎದುರಿಗೆ ಭಾರಿ ತಲೆಯ ಹಕ್ಕಿ ಮೆರೆಯುತ್ತಿರುವಾಗ, ಆ ಮಾತನ್ನು ನೆನಪಿಡುವ ಗಟ್ಟಿತನ ಎಷ್ಟು ಮಂದಿಗಿದೆ ಎಂಬುದೇ ಪ್ರಶ್ನೆ.

ನಮ್ಮ ಕಡೆಯವರಿಗೆ ಇದರಿಂದೇನು ಎಂದು ಕೇಳಬಹುದು. ಸಿಂಧನೂರಿನ ಸಂತೆಯಲ್ಲಿ ಯಾರೂ ಎಂಟೂವರೆ ಅಂಗುಲದ ಹಕ್ಕಿಯನ್ನು ಹುಡುಕುವುದಿಲ್ಲ. ಮಕ್ಕಳು ಕೇಳಿದರೆಂದು ಒಂದು ಜೊತೆ ತರುವವರೇ ಹೆಚ್ಚು. ಅವರಿಗೂ ಬಣ್ಣದ ಪರೀಕ್ಷೆ ಬೇಡವೆಂದಿಲ್ಲ. ಜಾತ್ರೆಗಳಲ್ಲಿ ಕೋಳಿಮರಿಗಳಿಗೆ ಕೆಂಪು, ಹಸುರು, ನೇರಳೆಯ ಬಣ್ಣ ಹಚ್ಚಿ ಮಾರುವುದನ್ನು ಎಲ್ಲರೂ ಕಂಡಿದ್ದಾರೆ; ರಾಟವಾಳದ ಜಾತಿಯ ಕಾಡುಹಕ್ಕಿಗಳಿಗೂ ಬಣ್ಣ ಬಳಿದು ವಿದೇಶದ ಹಕ್ಕಿಯೆಂದು ಮಾರುವ ವಂಚಕರುಂಟು. ಬಣ್ಣ ಬುಡದವರೆಗೆ ಇಲ್ಲದೆ ತುದಿಯಲ್ಲಿ ಮಾತ್ರವಿದ್ದರೆ, ಕೊಕ್ಕು ಕಾಲುಗಳಿಗೂ ಅದೇ ಬಣ್ಣ ಹತ್ತಿದ್ದರೆ ಸಂದೇಹಪಡತಕ್ಕದ್ದು. ನಮ್ಮ ಹೊಲಗಳ ಮೇಲೆ ಕಿರುಚುತ್ತ ಹಾರುವ, ಕೊರಳಲ್ಲಿ ಗುಲಾಬಿ ಕಂಠಿಯಿರುವ ಗಿಳಿಯನ್ನು ಹಿಡಿಯುವುದೂ ಮಾರುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಆಸ್ಟ್ರೇಲಿಯದ ಈ ಪುಟ್ಟ ಗಿಳಿಗೆ, ತಲೆತಲಾಂತರಗಳಿಂದ ಪಂಜರದಲ್ಲಿಯೇ ಹುಟ್ಟಿ ಬೆಳೆದುದಾದ ಕಾರಣ, ಆ ತಡೆಯಿಲ್ಲ. ಗಿಳಿಗೆ ರಾಜಾಜ್ಞೆಯ ರಕ್ಷಣೆ ದೊರೆತುದು ಇದೇ ಮೊದಲಲ್ಲ. 1915ರಲ್ಲಿ ನಮ್ಮ ನೆರೆಯ ಮಸ್ಕಿಯ ಬಂಡೆಯ ಮೇಲೆ ಯಾವ ಅರಸನ ಸ್ವಂತ ಹೆಸರು ಮೊಟ್ಟಮೊದಲು ಓದಲು ಸಿಕ್ಕಿತೋ, ಆ ಅಶೋಕನು ಉತ್ತರದೇಶದ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಡುವಾಗ ಮೊದಲು ಹೆಸರಿಸಿರುವುದು ಗಿಳಿಯನ್ನು, ಅನಂತರ ಗೊರವಂಕವನ್ನು.

ಒಮ್ಮೆ ಮನೆಗೆ ತಂದಮೇಲೆ ಆಹಾರದ ವಿಚಾರದಲ್ಲಿ ಈ ಸೀಮೆಯವರಷ್ಟು ಅನುಕೂಲವಂತರು ಬೇರೆ ಇಲ್ಲ. ವಿಲಾಯತಿಯ ಸಾಕಣೆಗಾರರು ಕಟ್ಟುಕಟ್ಟಾಗಿ ಕೊಂಡು ಬಹುಮಾನದ ಹಕ್ಕಿಗಳಿಗೆ ತಿನ್ನಿಸುವ ತೆನೆ ಬೇರಾವುದೂ ಅಲ್ಲ, ನಮ್ಮ ನವಣೆಯ ತೆನೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ತರುವಾಯ ಎಡದಂಡೆಯ ಕಾಲುವೆಯ ನೀರು ಹರಿದು, ಸಿಂಧನೂರಿನ ಸುತ್ತಮುತ್ತ ಭತ್ತದ ಗದ್ದೆಗಳಾದ ಮೇಲೆ ನವಣೆ ಹಿಂದೆ ಸರಿದಿದೆಯಾದರೂ, ಕಾಲುವೆ ಮುಟ್ಟದ ಒಣಹೊಲಗಳಲ್ಲಿ ಅದೂ ಸಜ್ಜೆಯೂ ಉಳಿದಿವೆ. ಒಂದು ತೆನೆಯನ್ನು ಪಂಜರದೊಳಗೆ ತೂಗುಹಾಕಿದರೆ ಹಕ್ಕಿಗಳು ತಲೆಕೆಳಗಾಗಿ ಜೋತು ತಿನ್ನುವ ಸೊಗಸನ್ನು ನೋಡಬೇಕು. ಬಟ್ಟಲಿನಲ್ಲಿ ಕಾಳು ಹಾಕುವವರು ಒಂದನ್ನು ಮರೆಯಬಾರದು. ಈ ಹಕ್ಕಿ ಕಾಳನ್ನು ಹಾಗೆಯೇ ನುಂಗುವುದಿಲ್ಲ. ಕೊಕ್ಕಿನಿಂದ ಸುಲಿದು, ತಿರುಳನ್ನು ತಿಂದು, ಹೊಟ್ಟನ್ನು ಬಟ್ಟಲಿಗೇ ಬಿಡುತ್ತದೆ. ಮೇಲಿನಿಂದ ನೋಡಿದರೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಹೊಸದಾಗಿ ಸಾಕಿದವರ ಮನೆಗಳಲ್ಲಿ, ತುಂಬಿದ ಬಟ್ಟಲಿನ ಮುಂದೆಯೇ ಹಕ್ಕಿಗಳು ಹಸಿವಿನಿಂದ ಸತ್ತ ಉದಾಹರಣೆಗಳು ಬೇಕಾದಷ್ಟಿವೆ. ಬೆಳಗ್ಗೆ ಎದ್ದಕೂಡಲೆ ಬಟ್ಟಲನ್ನು ಅಂಗಳಕ್ಕೆ ತಂದು ಒಮ್ಮೆ ಊದಬೇಕು. ಹೊಟ್ಟು ಹಾರಿಹೋಗಿ, ಕಾಳು ಎಷ್ಟು ಉಳಿದಿದೆಯೆಂಬುದು ಆಗ ಕಾಣುತ್ತದೆ.